ವೈರಿಂಗ್ ಸರಿಯಿದೆ

ಸಮಸ್ತ ಬಂಧುಬಾಂಧವರಿಗೆ ತಿಳಿಯಪಡಿಸುವುದೇನೆಂದರೆ, ಗುರುಬಸಪ್ಪನ ಕಾರಿನ ಡ್ಯಾಶ್‌ಬೋರ್ಡ್ ದೀಪಗಳು ಸುಮ್ಮಸುಮ್ಮನೆ ಮಿಣುಕುತ್ತಿದ್ದವು. ಒಳಗೆ ಕೂತವರು ಸುಳ್ಳಾಡಿದಾಗ ಮಾತ್ರ ಮಿಣುಕುವುದು ಕಾರುಗಳ ಧರ್ಮ. ಅದಕ್ಕೇ ಹೆಣ್ಣಿನ ಕಡೆಯವರು ಮಾತುಕತೆಗೆ ವರನ ಕಾರನ್ನೇ ಹತ್ತುತ್ತಿದ್ದರು. ನಿಜ ಹೇಳಿಯೂ ಅವನಿಗೆ ಎರಡು ಸಂಬಂಧ ತಪ್ಪಿದ್ದವು.

ಮೆಕ್ಯಾನಿಕ್ ದಾವಲಸಾಬ್ ಅರ್ತ್ ವೈರಿನ ತುಕ್ಕು ಉಜ್ಜಿ, ಬೋಲ್ಟು ಬಿಗಿದು, ‘ವೈರಿಂಗ್ ಸರಿಯಿದೆ’ ಎಂಬ ಚೀಟಿಯನ್ನು ಗಾಜಿಗೆ ಅಂಟಿಸಿದ. “ಇನ್ನ ಧೈರ್ಯಲೆ ಹೋಗ್ರಿ ಗುರುಬಸಣ್ಣ. ಖರೇ ಹೇಳಿದ್ರ ದೀಪ ಅಳ್ಳಾಡಂಗಿಲ್ಲ.”

ಮರುದಿನ ಹುಡುಗಿಯ ಅಪ್ಪ ಮುಂದಿನ ಸೀಟಿನಲ್ಲಿ ಕೂತು ಕೇಳಿದ ಹತ್ತು ಪ್ರಶ್ನೆಗೂ ದೀಪ ಅಳ್ಳಾಡಲಿಲ್ಲ. ಕೊನೆಗೆ, “ಕಾರು ನಿಮ್ದ ಹೌದಲ್ರಿ?” ಎಂದರು.

“ನಂದ ರೀ.”

ದೀಪ ಮಿಣುಕಿತು. ಇಷ್ಟು ವರ್ಷ ಓಡಿಸಿದವನೇನೋ ಅವನೇ. ಆರ್‌ಸಿ ಮಾತ್ರ ಅಣ್ಣನ ಹೆಸರಿನಲ್ಲಿತ್ತು.

“ವೈರ್ ಲೂಸ್ ಆಗೇತ್ರಿ ಮಾವಾರ!”

ದೀಪ ಇನ್ನೂ ಜೋರಾಗಿ ಮಿಣುಕಿತು. ಮಾವನಾಗಬೇಕಿದ್ದವರು ಗಾಜಿನ ಮೇಲಿನ ಚೀಟಿ ಓದಿ, ಬಾಗಿಲು ತೆರೆದು ಇಳಿದರು.