ಗಣತಿಯವ ಕೇಳಿದ್ದು

ವಂಶವೃಕ್ಷ ಬರೆಸಲೆಂದು ಮಗಳು ಊರ ಚಾವಡಿಯಲ್ಲಿದ್ದ ಹಳೆಯ ಮನೆಗಣತಿ ಪುಸ್ತಕದ ನಕಲು ತಂದುಕೊಟ್ಟಳು. ಗಣತಿಯ ಕಾಲಕ್ಕೆ ಎಳೆಗೂಸಾಗಿದ್ದ ಅವಳ ಅಪ್ಪನ ಹೆಸರಿನ ಮುಂದೆ, ತಂದೆ ಎಂಬಲ್ಲಿ, ಅಜ್ಜನ ಹೆಸರಿರಲಿಲ್ಲ. ಪಕ್ಕದ ಮನೆಯ ಗುರುಪಾದಪ್ಪನ ಹೆಸರಿತ್ತು.

ಅಪ್ಪ ಅದನ್ನು ನೋಡಿ ನಕ್ಕುಬಿಟ್ಟ. "ಆಗಿನ ಕಾಲದಾಗ ಹೆಣ್ಮಕ್ಕಳು ಗಂಡನ ಹೆಸರು ಹೇಳ್ತಿದ್ದಿಲ್ಲ. ಅವ್ವ ಸುಮ್ಮನ ನಿಂತಿರಬೇಕು. ಗಣತಿಯವ ಬಾಗಲಾಗ ಕಂಡವನ ಹೆಸರು ಗೀಚಿಕೊಂಡು ಹೋಗ್ಯಾನ."

ಅಂದೇ ತಿದ್ದುಪಡಿಗೆ ಅರ್ಜಿ ಬರೆದು, ತೊಂಬತ್ತು ದಾಟಿದ ತಾಯಿಯ ಮುಂದೆ ಇಂಕ್ ಪ್ಯಾಡ್ ತೆರೆದಿಟ್ಟ. "ಇಲ್ಲಿ ಹೆಬ್ಬೆಟ್ಟು ಒತ್ತವ್ವ. ಆ ಗಣತಿಯವನ ತಪ್ಪು ತಿದ್ದಿಸೂಣು."

ಮುದುಕಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಒತ್ತೂದಿಲ್ಲ."

"ಹುಚ್ಚ ಹಿಡದೈತೇನ? ಇದನ್ನ ನೋಡಿದ ಮಂದಿ ಏನಂದಾರು?"

"ಅನ್ನಲಿ ಬಿಡು. ನಾ ಏನ್ ಸುಮ್ಮನ ನಿಂತಿದ್ದಿಲ್ಲ. ಗಂಡನ ಹೆಸರು ಕೇಳಿದಾಗ ಬಾಯಿ ಬಿಡಲಿಲ್ಲ, ಖರೆ. ಆಮ್ಯಾಲ ಅಂವ ಕೂಸಿನ ಅಪ್ಪ ಯಾರಂತ ಕೇಳಿದ. ಅದನ್ನ ಹೇಳಾಕ ಯಾವ ಅಡ್ಡೀನೂ ಇದ್ದಿಲ್ಲ. ಹೇಳಿದೆ."