ಎರಡು ನಿಲ್ದಾಣ, ಒಂದು ಬೆಲ್

ಮಾದರಿ ರೈಲುಗಳ ಪ್ರದರ್ಶನದಲ್ಲಿ ಅವರ ರೈಲುಹಾದಿ ಇಪ್ಪತ್ತನಾಲ್ಕು ಅಡಿ ಉದ್ದವಿತ್ತು. ಒಂದು ತುದಿಯ ನಿಲ್ದಾಣಕ್ಕೆ ಗಂಡ, ಇನ್ನೊಂದಕ್ಕೆ ಹೆಂಡತಿ. ಅವನು ಬೆಲ್ ಒತ್ತಿ ಕೇಳಬೇಕು, ಅವಳು ಬೆಲ್ ಒತ್ತಿಯೇ ಒಪ್ಪಿಗೆ ಕೊಡಬೇಕು. ಆಮೇಲೆ ರೈಲು ಹೊರಡುತ್ತಿತ್ತು. ಹನ್ನೊಂದು ವರ್ಷಗಳಿಂದ ಊರೂರಿನಲ್ಲಿ ಹೀಗೆಯೇ ನಡೆದಿತ್ತು.

ಮೂರು ವಾರದ ಹಿಂದೆ ಅವಳಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿತ್ತು. ಅವನು ದಿನವೂ ಆಸ್ಪತ್ರೆಗೆ ಬಂದ, ಕೂತ, ಹೋದ. ಹೇಗಿದ್ದೀಯೆಂದು ಕೇಳಲಿಲ್ಲ. ವಕೀಲರು ಬರೆದುಕೊಟ್ಟ ವಿಚ್ಛೇದನದ ಅರ್ಜಿ ಈಗ ಅವಳ ಚೀಲದಲ್ಲಿತ್ತು. ಸಹಿ ಹಾಕಿರಲಿಲ್ಲ.

“ಹೇಗಿದ್ದೀಯ ಅಂತ ಒಂದ್ಸಲ ಬಾಯ್ಬಿಟ್ಟು ಕೇಳ್ಲಿ ಸಾಕು, ಹರಿದು ಹಾಕ್ತೀನಿ,” ಎಂದು ಬೆಳಿಗ್ಗೆ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದಳು.

“ಏನ್ ಹೊಂದಾಣಿಕೆ ರೀ ನಿಮ್ದು!” ಎಂದಳು ಪಕ್ಕದ ಮಳಿಗೆಯ ಹೆಂಗಸು. “ಮಾತಿಲ್ಲ ಕತೆಯಿಲ್ಲ, ಗಾಡಿ ಟೈಮಿಗೆ ಸರಿಯಾಗಿ ಓಡುತ್ತೆ. ನಮ್ಮವ್ರು ಸ್ಕ್ರೂಡ್ರೈವರ್ ಕೇಳೋಕೂ ಭಾಷಣ ಮಾಡ್ತಾರೆ.”

“ಪುಣ್ಯವಂತರು ನೀವು,” ಎಂದಳು ಇವಳು.

ಮಧ್ಯಾಹ್ನ ಹೊಲಿಗೆ ಹಾಕಿದ ಕಡೆ ನೋವು ಹೆಚ್ಚಾಗಿ ಅವಳು ಸ್ಟೂಲಿನ ಮೇಲೆ ಕುಳಿತಳು. ಬೆಲ್ ಬಡಿಯಿತು. ಅವಳು ಉತ್ತರ ಕೊಡಲಿಲ್ಲ. ಇನ್ನೊಮ್ಮೆ ಬಡಿಯಿತು, ಮತ್ತೊಮ್ಮೆ. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಅವನು ತನ್ನ ನಿಲ್ದಾಣ ಬಿಟ್ಟು, ಜನರನ್ನು ಸರಿಸಿಕೊಂಡು ಓಡಿ ಬಂದ. ಹೊಟ್ಟೆ ಹಿಡಿದು ಕುಳಿತಿದ್ದ ಅವಳ ಮುಂದೆ ಬಗ್ಗಿದ.

“ಬೆಲ್ ಕೆಟ್ಟಿದ್ಯಾ?”

“ಬೆಲ್ ಚೆನ್ನಾಗೇ ಇದೆ,” ಎಂದಳು. “ಪೆನ್ನು ಕೊಡಿ.”