ಬಾರದ ತಪಾಸಣೆ

“ನಾಳೆ ನಿಮ್ಮಲ್ಲಿ ತಪಾಸಣೆ. ಎಲ್ಲ ಸರಿ ಇರ್ಲಿ,” ಎಂದು ಇನ್‌ಸ್ಪೆಕ್ಟರು ಬಣ್ಣದ ಕಾರ್ಖಾನೆಯ ಮಾಲೀಕನಿಗೆ ಫೋನಿನಲ್ಲಿ ಹೇಳಿದ್ದು ಎದುರಿಗೇ ಕುಳಿತಿದ್ದ ಸಂಶೋಧಕಿಯ ಕಿವಿಗೆ ಬಿತ್ತು. ಕಾರ್ಮಿಕರ ಕಾನೂನು, ಪರಿಸರದ ಕಾನೂನು ಹೇಗೆ ಜಾರಿಯಾಗುತ್ತವೆ ಎಂದು ತಿಳಿಯಲು ಬಂದವಳಿಗೆ ಬೇಲಿಯೇ ಎದ್ದು ಹೊಲ ಮೇಯುವುದು ಕಣ್ಣಾರೆ ಕಂಡಿತು. ಸಿಟ್ಟು ಬಂತು. ಒಳ್ಳೆಯ ಅಧ್ಯಾಯವೊಂದು ಸಿಕ್ಕಿತೆಂದು ಒಳಗೊಳಗೇ ಖುಷಿಯೂ ಆಯಿತು.

ಮರುದಿನ ಅವಳು ಕಾರ್ಖಾನೆಯ ಗೇಟಿನ ಬಳಿ ಕಾದಳು. ಕೊಳೆನೀರು ಶುದ್ಧ ಮಾಡುವ ಯಂತ್ರ ಗುರುಗುಡುತ್ತಿತ್ತು. ಕಾಲುವೆಗೆ ಬೀಳುವ ನೀರು ನೀರಿನ ಬಣ್ಣಕ್ಕೇ ಇತ್ತು. ಊಟಕ್ಕೆ ಹೊರಬಂದ ಕೆಲಸದ ಹೆಂಗಸೊಬ್ಬಳು ಅಂಗೈ ತೋರಿಸಿ, “ಇವತ್ತು ಗ್ಲೌಸ್ ಕೊಟ್ರು ಕಣಮ್ಮ. ಅನ್ನ ಕಲಸಿದ್ರೆ ಕೈ ಉರಿಯಲ್ಲ,” ಎಂದು ನಕ್ಕಳು. ಎಲ್ಲ ಇತ್ತು, ಇನ್‌ಸ್ಪೆಕ್ಟರು ಮಾತ್ರ ಬರಲೇ ಇಲ್ಲ.

ಅದರ ಮಾರನೆಯ ಬೆಳಿಗ್ಗೆ ಅವಳು ಕಚೇರಿಗೆ ಹೋಗಿ ಕೇಳಿಯೇಬಿಟ್ಟಳು. “ಹೇಳದೆ ಹೋಗ್ಬೇಕಾದವರು ನೀವು. ಹೇಳಿಯೂ ಹೋಗ್ಲಿಲ್ವಲ್ಲ ಸಾರ್?”

“ಹೇಳದೆ ಹೋದೆ ಅಂದ್ಕೊಳ್ಳಿ. ತಪ್ಪು ಸಿಗುತ್ತೆ, ಕೇಸ್ ಹಾಕ್ತೀನಿ. ತೀರ್ಪು ಬರೋ ಹೊತ್ತಿಗೆ ನನ್ನ ಮೊಮ್ಮಗ ವಕೀಲನಾಗಿರ್ತಾನೆ,” ಎಂದರು ಇನ್‌ಸ್ಪೆಕ್ಟರು ಕನ್ನಡಕ ಒರೆಸುತ್ತಾ. “ಇಷ್ಟು ಕಾರ್ಖಾನೆಗಳಿಗೆ ನಾನೊಬ್ಬ. ನಾನು ಹೋದ್ರೆ ಒಂದು ಕಡೆಗೆ ಹೋಗ್ಬಹುದು. ಫೋನು ಎಲ್ಲಾ ಕಡೆಗೂ ಹೋಗುತ್ತಲ್ಲಮ್ಮ. ಹೆದರಿಕೆ ಇರೋ ತನಕ ಯಂತ್ರ ಓಡುತ್ತೆ.”

“ಇದನ್ನ ನಾನು ಬರೀಲೇಬೇಕಾಗುತ್ತೆ.”

“ಬರೀರಿ, ಸತ್ಯ ತಾನೆ. ಮಾಲೀಕರೂ ಓದ್ತಾರೆ, ಅಷ್ಟೇ. ಆಮೇಲೆ ನನ್ನ ಫೋನಿಗೆ ಯಾರೂ ಹೆದರಲ್ಲ.”

ನೋಡುವುದಷ್ಟೇ ನಿನ್ನ ಕೆಲಸ, ಕೈಹಾಕುವುದಲ್ಲ ಎಂದು ಅವಳ ಗುರುಗಳು ಗಿಣಿಗೆ ಹೇಳಿದ ಹಾಗೆ ಹೇಳಿ ಕಳಿಸಿದ್ದರು. ಬರೆದರೆ ಆ ಅಂಗೈ ಮತ್ತೆ ಉರಿಯುತ್ತದೆ. ಬರೆಯದಿದ್ದರೆ ತನ್ನ ಓದೇ ಸುಳ್ಳು. ಎರಡೂ ಸಂಕಟವೇ.

ಮೇಲಧಿಕಾರಿ ಕರೆದರೆಂದು ಇನ್‌ಸ್ಪೆಕ್ಟರು ಎದ್ದು ಹೋದದ್ದೇ ತಡ, ಮೇಜಿನ ಮೇಲಿನ ಫೋನು ಹೊಡೆದುಕೊಳ್ಳತೊಡಗಿತು. ಎಷ್ಟು ಹೊತ್ತಾದರೂ ನಿಲ್ಲದಿದ್ದಾಗ ಅವಳೇ ಎತ್ತಿದಳು.

“ಬಣ್ಣದ ಕಾರ್ಖಾನೆಯಿಂದ. ನಿನ್ನೆಯೆಲ್ಲ ಕಾದಿದ್ದೇ ಬಂತು. ಇವತ್ತಾದ್ರೂ ಬರ್ತಾರೋ, ಇಲ್ಲಾ ಮೆಷಿನ್ ನಿಲ್ಲಿಸ್ಲೋ?”

“ಬರ್ತೀವಿ,” ಎಂದಳು.

ಫೋನು ಇಟ್ಟ ಮೇಲೆ ಅವಳಿಗೆ ಹೊಳೆಯಿತು: ‘ಬರ್ತಾರೆ’ ಅಂದಿದ್ದರೂ ಸಾಕಿತ್ತು.